ಐವತ್ತು ಡಾಲರಿನ ವೀಣೆ

ಮೈಸೂರಿನ ಹುಡುಗನೊಬ್ಬ ಅಪ್ಪ ಮಾಡಿದ ವೀಣೆಗಳನ್ನು ಆನ್‌ಲೈನಿನಲ್ಲಿ ಮಾರುತ್ತಾನೆ. ಒಂದು ಬೆಳಿಗ್ಗೆ ಫೋನ್ ಮಾಡಿದ. "ಸರ್, ನ್ಯೂಜೆರ್ಸಿಗೆ ಕಳಿಸಿದ್ದ ವೀಣೆಯ ದಂಡಿ ಸೀಳಿಬಿಟ್ಟಿದೆ. ಕೊರಿಯರ್‌ನವರು ನಾಲ್ಕು ಸಾವಿರ ಚಿಲ್ಲರೆ ಕೊಡ್ತೀವಿ ಅಂತಿದಾರೆ." ಆ ವೀಣೆಗೆ ಅವನು ತಗೊಂಡಿದ್ದು ಒಂದು ಲಕ್ಷದ ಅರವತ್ತು ಸಾವಿರ.

"ಇನ್‌ವಾಯ್ಸ್ ಕಳಿಸಪ್ಪಾ" ಎಂದೆ. ವಾಟ್ಸಾಪಿಗೆ ಬಂತು. 'ಗಿಫ್ಟ್, ಸಂಗೀತ ವಾದ್ಯ, 50 ಡಾಲರ್.' ಅಲ್ಲಿ ಸುಂಕ ಉಳಿಯುತ್ತೆ ಅಂತ ಕೊಂಡವರೇ ಹಾಗೆ ಬರೆಯಲು ಹೇಳಿದ್ದರಂತೆ. ಗಿರಾಕಿ ಕೈತಪ್ಪೀತು ಅಂತ ಇವನೂ ಹೂಂ ಅಂದಿದ್ದ. ಕೊರಿಯರ್‌ನವರು ಆ ಕಾಗದದಲ್ಲಿದ್ದ ಬೆಲೆಯನ್ನೇ ಕೊಡಲು ಬಂದಿದ್ದರು. ಅದರಲ್ಲಿ ಅವರ ತಪ್ಪು ಹುಡುಕುವುದು ಕಷ್ಟ.

ರಫ್ತಿನ ಕಾಗದಪತ್ರದ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷ ಕಳೆದವು. ಸಣ್ಣ ಮಾರಾಟಗಾರರು ಬಂದರೆ ಕೇಳುವುದೆಲ್ಲ ಬಬಲ್ ವ್ರ್ಯಾಪ್ ಎಷ್ಟು ಸುತ್ತು ಬೇಕು ಅಂತ. ನಾನು ಮೊದಲು ನೋಡುವುದು ಬಿಲ್ಲಿನ ಮೇಲಿನ ಬೆಲೆ. ಸಾಮಾನು ಒಡೆದಾಗ, ಕಳೆದಾಗ, ವಾಪಸ್ ಬಂದಾಗ ಎಲ್ಲರೂ ಹಿಡಿದುಕೊಂಡು ಕೂರುವುದು ಅದನ್ನೇ.

ವಿಮೆ ಮಾಡಿಸದಿದ್ದರೆ ಏನು ಸಿಗುತ್ತೆ? ವಿಮಾನದಲ್ಲಿ ಹೋಗುವ ಸರಕಿಗೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಅದು ಪರಿಹಾರಕ್ಕೆ ಮಿತಿ ಹಾಕುವುದು ತೂಕದ ಮೇಲೆ. 2024ರ ಡಿಸೆಂಬರ್ 28ರಿಂದ ಕೆಜಿಗೆ 26 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಐಎಂಎಫ್‌ನ ಲೆಕ್ಕದ ಹಣ. ನಮ್ಮ ರೂಪಾಯಿಯಲ್ಲಿ ಕೆಜಿಗೆ ಸುಮಾರು ಮೂರು ಸಾವಿರ. ನಲವತ್ತು ಸಾವಿರದ ರೇಷ್ಮೆ ಸೀರೆ ಪ್ಯಾಕ್ ಮಾಡಿದ ಮೇಲೂ ಒಂದು ಕೆಜಿ ದಾಟುವುದಿಲ್ಲ. ಬೇಕಾದರೆ ಲೆಕ್ಕ ಹಾಕಿ ನೋಡಿ. ಅದಕ್ಕೇ ಬೆಲೆಬಾಳುವ ಸಾಮಾನಿಗೆ ಬೇರೆ ವಿಮೆ ಬೇಕು. ಬೆಲೆ, ಸಾಗಣೆ ಖರ್ಚು, ಅದರ ಮೇಲೆ ಶೇ. 10, ಇಷ್ಟಕ್ಕೆ ವಿಮೆ ಮಾಡಿಸುವುದು ಈ ವ್ಯಾಪಾರದಲ್ಲಿ ಹಳೆಯ ವಾಡಿಕೆ. ಪಾಲಿಸಿ ಓದುವಾಗ ಒಂದು ಸಾಲನ್ನು ಹುಡುಕಿ: ಪ್ಯಾಕಿಂಗ್ ಸಾಲದಿದ್ದರೆ ಪರಿಹಾರವಿಲ್ಲ ಎನ್ನುವುದು. ಹೆಚ್ಚುಕಡಿಮೆ ಎಲ್ಲ ಪಾಲಿಸಿಯಲ್ಲೂ ಇದು ಇರುತ್ತದೆ. ಹಾಗಾಗಿ ಪ್ಯಾಕ್ ಮಾಡುವುದನ್ನು ಶುರುವಿನಿಂದ ಟೇಪ್ ಅಂಟಿಸುವವರೆಗೆ ಒಂದೇ ವಿಡಿಯೊದಲ್ಲಿ ಹಿಡಿಯಿರಿ. ಕತ್ತರಿಸಿ ಜೋಡಿಸಿದ ವಿಡಿಯೊ ಬೇಡ.

ಸುಳ್ಳು ಬೆಲೆಯ ಇನ್ನೊಂದು ಕಾಟ ಕಸ್ಟಮ್ಸ್‌ನದು. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ತಪ್ಪು ಘೋಷಣೆ ಮಾಡಿದ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು, ದಂಡವೂ ಉಂಟು. ಮಾರಾಟದ ಸಾಮಾನು ಕೊರಿಯರ್‌ನಲ್ಲಿ ಹೋಗಬೇಕಾದ್ದು ಸಿಎಸ್‌ಬಿ-5 ಎಂಬ ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆಯ ಮೇಲೆ. ಅದಕ್ಕೆ ಕೇಂದ್ರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿ ಕೊಡುವ ಐಇಸಿ, ಅಂದರೆ ಆಮದು-ರಫ್ತು ಸಂಖ್ಯೆ ಬೇಕು, 500 ರೂಪಾಯಿ ಕಟ್ಟಿ ಮನೆಯಲ್ಲೇ ಕುಳಿತು ಮಾಡಿಸಬಹುದು. ರಫ್ತಿನ ಹಣ ಯಾವ ಬ್ಯಾಂಕಿಗೆ ಬರುತ್ತೆ ಅಂತ ಕಸ್ಟಮ್ಸ್‌ಗೆ ತೋರಿಸುವ ಎಡಿ ಕೋಡನ್ನು ನಿಮ್ಮ ಬ್ಯಾಂಕಿನಿಂದ ತಗೊಳ್ಳಿ. ಸೀರೆ, ಆಟಿಕೆಯಂಥ ಚಿಕ್ಕ ಸಾಮಾನಾದರೆ ಅಂಚೆ ಇಲಾಖೆಯ ರಫ್ತು ಕೇಂದ್ರ, ಡಾಕ್ ಘರ್ ನಿರ್ಯಾತ್ ಕೇಂದ್ರವೂ ಇದೆ. ಈ ಕಾಗದ ಯಾಕೆ ಬೇಕು ಅಂದರೆ, ಗಿರಾಕಿ ಸಾಮಾನು ವಾಪಸ್ ಕಳಿಸಿದಾಗ ಇದು ನನ್ನದೇ, ಇಲ್ಲಿಂದಲೇ ಹೋಗಿದ್ದು ಅಂತ ತೋರಿಸಬೇಕಾಗುತ್ತೆ. 'ಗಿಫ್ಟ್' ಅಂತ ಕಳಿಸಿದವರು ತಮ್ಮದೇ ವೀಣೆಗೆ ಆಮದು ಸುಂಕ ಕಟ್ಟಿದ್ದನ್ನು ನೋಡಿದ್ದೇನೆ.

2025ರ ಆಗಸ್ಟ್ 29ರಿಂದ ಅಮೆರಿಕದಲ್ಲಿ 800 ಡಾಲರ್ ಒಳಗಿನ ಸಾಮಾನಿಗಿದ್ದ ಸುಂಕ ವಿನಾಯಿತಿ ಹೋಯಿತು. ಆಮೇಲೆ 'ಗಿಫ್ಟ್ ಅಂತ ಹಾಕಿ' ಎನ್ನುವ ಗಿರಾಕಿಗಳು ಜಾಸ್ತಿಯಾಗಿದ್ದಾರೆ. ಸುಂಕ ಯಾರು ಕಟ್ಟಬೇಕು ಎಂಬುದನ್ನು ಹಣ ಪಡೆಯುವ ಮೊದಲೇ ಬರಹದಲ್ಲಿ ತೀರ್ಮಾನಿಸಿಕೊಳ್ಳಿ. ಬಾಗಿಲಿಗೆ ಬಂದ ಪಾರ್ಸೆಲ್‌ಗೆ ಸುಂಕ ಕಟ್ಟಲಾರೆ ಅಂದರೆ ಎರಡೂ ಕಡೆಯ ಬಾಡಿಗೆ ನಿಮ್ಮ ತಲೆಗೇ ಬರುತ್ತೆ.

ಈಗ ವೀಣೆಯನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಪೆಟ್ಟಾಗುವ ಜಾಗ ಕೊಡ, ಅಂದರೆ ದುಂಡನೆಯ ಬುಡ, ಮತ್ತು ಉದ್ದನೆಯ ದಂಡಿ ಕೂಡುವ ಕಡೆ. ಪೆಟ್ಟಿಗೆ ಎತ್ತರದಿಂದ ಬಿದ್ದರೆ ಕೊಡದ ಭಾರ ಒಂದು ಕಡೆ ಎಳೆಯುತ್ತೆ, ಕೆಳಗೆ ಆಸರೆಯಿಲ್ಲದ ದಂಡಿ ಅಲ್ಲೇ ಸೀಳುತ್ತೆ. ಕೊಡಕ್ಕೆ ಎಷ್ಟೇ ಹಾಸಿ ಸುತ್ತಿದರೂ ದಂಡಿಯ ಕೆಳಗೆ ಉದ್ದಕ್ಕೂ ಗಟ್ಟಿ ಫೋಮ್ ಇಲ್ಲದಿದ್ದರೆ ಪ್ರಯೋಜನವಿಲ್ಲ. ಸೋರೆ ಬುರುಡೆ ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ. ತಂತಿ ಸಡಿಲಿಸಿ, ಆದರೆ ಪೂರ್ತಿ ಬಿಚ್ಚಬೇಡಿ, ತಂತಿಗೆ ಆಸರೆಯಾದ ಕುದುರೆ ಜಾರುತ್ತೆ. ದಂಡಿಯ ಮೇಲೆ ಸ್ವರ ಹಿಡಿಯುವ ಇಪ್ಪತ್ತನಾಲ್ಕು ಮೆಟ್ಟಿಲುಗಳೂ ಮೇಣದ ಮೇಲೆ ಕೂತಿರುತ್ತವೆ. ಬೇಸಿಗೆಯಲ್ಲಿ ದುಬೈ ನಿಲ್ದಾಣದ ಬಿಸಿಲಿನಲ್ಲಿ ಪೆಟ್ಟಿಗೆ ಎರಡು ಗಂಟೆ ಇದ್ದರೆ ಮೇಣ ಮೆತ್ತಗಾಗುತ್ತೆ, ಮೇಲೆ ನೇರವಾಗಿ ಸುತ್ತಿದ ಪ್ಲಾಸ್ಟಿಕ್ ಅಂಟಿಕೊಳ್ಳುತ್ತೆ. ಮೊದಲು ಬೆಣ್ಣೆ ಕಾಗದ, ಅದರ ಮೇಲೆ ಹತ್ತಿ ಬಟ್ಟೆ, ಆಮೇಲೆ ಉಳಿದದ್ದು.

ಹೊರಪೆಟ್ಟಿಗೆ ಪ್ಲೈವುಡ್‌ದು ಮಾಡಿಸಿ. ಬರೀ ಹಲಗೆಯ ಪೆಟ್ಟಿಗೆಯಾದರೆ ಕೀಟ ಸಾಯುವ ಹಾಗೆ ಶಾಖ ಕೊಟ್ಟ ಐಎಸ್‌ಪಿಎಂ-15 ಮುದ್ರೆ ಬೇಕು, ಪ್ಲೈವುಡ್‌ಗೆ ಬೇಡ. ಮುಚ್ಚಿದ ಮೇಲೆ ಅಲುಗಾಡಿಸಿ ನೋಡಿ. ಒಳಗೆ ಗುಡುಗುಡು ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ. 'ಫ್ರಾಜೈಲ್' ಚೀಟಿ ಅಂಟಿಸಿ, ಬೇಡ ಅನ್ನಲ್ಲ. ಆದರೆ ವಿಮಾನ ನಿಲ್ದಾಣದ ಬೆಲ್ಟಿಗೆ ಓದು ಬರದು.

ಬಾಡಿಗೆ ಕೇಳಿ ಎದೆ ಧಸಕ್ಕೆನ್ನುವುದೂ ಇಲ್ಲೇ. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 140, 45, 45ರ ಪೆಟ್ಟಿಗೆಗೆ 56.7 ಕೆಜಿ ಬರುತ್ತದೆ. ತಕ್ಕಡಿಯಲ್ಲಿ ಇಪ್ಪತ್ತೇ ಇದ್ದರೂ ಐವತ್ತೇಳಕ್ಕೆ ದುಡ್ಡು. ಬೆಲೆ ಹೇಳುವ ಮೊದಲೇ ಟೇಪ್ ಹಿಡಿದು ಅಳೆಯಿರಿ.

ಮರದ ಬಗ್ಗೆ ಒಂದು ಮಾತು. ಹಲಸಿನ ವೀಣೆಗೆ ತಕರಾರಿಲ್ಲ. ಬೀಟೆ ಸೈಟಿಸ್ ಪಟ್ಟಿಯಲ್ಲಿರುವ ಮರ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಇದು), ಆದರೆ ತಯಾರಾದ ಸಂಗೀತ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಇದೆ. ಮನೆಯಲ್ಲಿರುವ ಹಳೆಯ ವೀಣೆ ಮಾರಲು ಹೊರಟವರು ಮಾತ್ರ ಹುಷಾರು. ಅದರಲ್ಲಿ ದಂತದ ಕೆಲಸವಿದ್ದರೆ ಕಳಿಸುವ ಯೋಚನೆಯನ್ನೇ ಬಿಡಿ. ನೂರು ವರ್ಷ ದಾಟಿದ ಕಲಾವಸ್ತುವನ್ನು ಹೊರದೇಶಕ್ಕೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಖಾಸಗಿಯವರನ್ನು ಬಿಡುವುದಿಲ್ಲ.

ಹಣ ಪೇಪಾಲ್‌ನಲ್ಲಿ ಬಂದರೆ ಅಲ್ಲಿ ಕಾಣುವ ವಿಳಾಸಕ್ಕೇ ಕಳಿಸಿ. 'ನಮ್ಮಣ್ಣನ ಮನೆಗೆ ಕಳಿಸಿ' ಎಂದರೆ ಹಣ ವಾಪಸ್ ಮಾಡಿ, ಸರಿಯಾದ ವಿಳಾಸದಿಂದ ಮತ್ತೆ ಕಟ್ಟಿಸಿಕೊಳ್ಳಿ. 750 ಡಾಲರ್ ಮುಟ್ಟಿದರೆ ಸಹಿ ಹಾಕಿಸಿಕೊಂಡೇ ಸಾಮಾನು ಕೊಡುವ ಸೇವೆ ಬೇಕು. ಸಹಿಯಿಲ್ಲದೆ 'ನನಗೆ ಬಂದೇ ಇಲ್ಲ' ಎಂಬ ದೂರು ಬಂದರೆ ಪೇಪಾಲ್ ನಿಮ್ಮ ಪರ ನಿಲ್ಲುವುದಿಲ್ಲ.

ಮೈಸೂರಿನ ಹುಡುಗ ಮೊನ್ನೆ ಮತ್ತೊಂದು ವೀಣೆ ಕಳಿಸಿದ. ಈ ಗಿರಾಕಿಯೂ ಗಿಫ್ಟ್ ಮಾತೆತ್ತಿದ್ದರು. ಇವನು ಸುಂಕ ಎಷ್ಟಾಗಬಹುದು ಎಂದು ಲೆಕ್ಕ ಹಾಕಿ, ಒಡೆದ ದಂಡಿಯ ಫೋಟೊ ಜೊತೆಗೆ ಕಳಿಸಿಕೊಟ್ಟನಂತೆ. ಅವರು ಎರಡು ದಿನ ಸುಮ್ಮನಿದ್ದು ಮೂರನೇ ದಿನ ಪೂರ್ತಿ ಹಣ ಹಾಕಿದರು.