ಒಂದೇ ರಿಕ್ಷಾದಲ್ಲಿ ಹಿಡಿಸುವ ಸ್ಟಾಲ್ ಕಟ್ಟೋದು ಹೇಗೆ?

ಪ್ರಶ್ನೆ: ನಾನು ಧಾರವಾಡದವಳು. ಕಸೂತಿ ಹಾಕಿದ ದುಪಟ್ಟಾ, ಕುಶನ್ ಕವರ್, ಸಣ್ಣ ಚೀಲ ಮಾಡುತ್ತೇನೆ. ಇಷ್ಟು ದಿನ ಮನೆಯಿಂದಲೇ ಮಾರುತ್ತಿದ್ದೆ. ಈಗ ಮೇಳಗಳಲ್ಲಿ ಸ್ಟಾಲ್ ಹಾಕಬೇಕು ಅಂತ ಆಸೆ. ಸ್ವಂತ ಗಾಡಿ ಇಲ್ಲ, ಜೊತೆಗೆ ಬರುವವರೂ ಇಲ್ಲ. ಒಬ್ಬಳೇ ಒಯ್ದು, ಕಟ್ಟಿ, ಬಿಚ್ಚಿ ತರುವ ಹಾಗೆ ಏನು ಮಾಡಲಿ? ಏನೇನು ಕೊಳ್ಳಬೇಕು?

ಅಕ್ಕಾ, ಸದ್ಯಕ್ಕೆ ಏನೂ ಕೊಳ್ಳಬೇಡಿ. ಮೊದಲು ಒಂದು ಟೇಪ್ ಹಿಡಿದುಕೊಂಡು ನಿಮ್ಮ ಓಣಿಯ ರಿಕ್ಷಾ ಸ್ಟ್ಯಾಂಡಿಗೆ ಹೋಗಿ, ಹಿಂದಿನ ಸೀಟು ಅಳೆದು ಬನ್ನಿ. ನಗಬೇಡಿ. ನಾನು ಖಣದ ಪರ್ಸು, ಚೀಲ ಮಾರಲು ಶುರು ಮಾಡಿದಾಗ ಈ ಕೆಲಸ ಮಾಡಲಿಲ್ಲ. ಸೀದಾ ಬಡಿಗೇರರ ಹತ್ತಿರ ಹೋಗಿ ಆರಡಿ ಎತ್ತರದ ಚಂದದ ಸ್ಟ್ಯಾಂಡ್ ಮಾಡಿಸಿದೆ. ರಿಕ್ಷಾದಲ್ಲಿ ಅದು ಅಡ್ಡವೂ ಹಿಡಿಸಲಿಲ್ಲ, ಉದ್ದವೂ ಹಿಡಿಸಲಿಲ್ಲ. ಕೊನೆಗೆ ಚೋಟಾ ಹಾತಿ ಬಾಡಿಗೆಗೆ ತಗೊಂಡು ಹೋದೆ, ಆ ದಿನ ದುಡಿದದ್ದೆಲ್ಲ ಬಾಡಿಗೆಗೇ ಹೋಯಿತು. ಆ ಸ್ಟ್ಯಾಂಡ್ ಈಗ ನಮ್ಮ ಮಾಳಿಗೆ ಮೇಲಿದೆ, ಅದರ ಮೇಲೆ ಬಟ್ಟೆ ಒಣಗಿಸುತ್ತೇವೆ.

ಅಂದಿನಿಂದ ನನ್ನದು ಒಂದೇ ನಿಯಮ. ಯಾವ ಸಾಮಾನೂ ಮೂರೂವರೆ ಅಡಿಗಿಂತ ಉದ್ದ ಇರಬಾರದು. ಒಂದು ಕೈಯಲ್ಲಿ ಎತ್ತಲಾಗದ್ದು ಯಾವುದೂ ಇರಬಾರದು.

ಮೂರೂವರೆ ಅಡಿ ಸಾಕಾ ಅಂತ ಕೇಳುತ್ತೀರಿ. ಶಿವರಾತ್ರಿ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ಜಾತ್ರೆ ಆಗುತ್ತದಲ್ಲ, ಅಲ್ಲಿ ಬಳೆ ಅಂಗಡಿಯವರನ್ನು ಗಮನಿಸಿ. ಒಂದು ಡಜನ್ ಬಳೆಯನ್ನೂ ಅವರು ನೆಲದ ಮೇಲೆ ಸುಮ್ನೆ ಹರಡಿರುವುದಿಲ್ಲ, ಕೋಲಿಗೆ ಪೋಣಿಸಿ, ಮೆಟ್ಟಿಲು ಮಾಡಿ ಏರಿಸಿ, ಹಿಂದೆ ಗೋಡೆಯಂತೆ ತೂಗುಹಾಕಿ, ದೂರದಿಂದ ಬರುವ ಹುಡುಗಿಗೂ ಮುಂದಿನವರ ಹೆಗಲ ಮೇಲಿಂದ ಬಣ್ಣ ಕಾಣುವ ಹಾಗೆ ಇಟ್ಟಿರುತ್ತಾರೆ. ನಾವು ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲೇ. ಟೇಬಲ್ ಮೇಲೆ ಎಲ್ಲವನ್ನೂ ಮಲಗಿಸುತ್ತೇವೆ. ಟೇಬಲ್ ಎತ್ತರ ಸುಮಾರು ಎರಡೂವರೆ ಅಡಿ. ಅದರ ಮೇಲೆ ಮಲಗಿದ ದುಪಟ್ಟಾ ಎದುರಿಗೇ ಬಂದು ನಿಂತವರಿಗೆ ಮಾತ್ರ ಕಾಣುತ್ತದೆ. ಅದು ಕಾಣದೆ ಗಿರಾಕಿ ಬಂದು ನಿಲ್ಲುವುದು ಯಾಕೆ?

ಹಾಗಾಗಿ ಟೇಬಲ್ ಮೇಲೆ ಮೂರೂವರೆ ಅಡಿಯ ಚೌಕಟ್ಟು ನಿಲ್ಲಿಸಿ. ಎರಡೂವರೆ, ಮೂರೂವರೆ, ಒಟ್ಟು ಆರಡಿ ಆಯಿತು. ಟೇಬಲ್ ಅನ್ನು ಸಾಮಾನ್ಯವಾಗಿ ಮೇಳದವರೇ ಕೊಡುತ್ತಾರೆ, ನೀವು ಹೊರಬೇಕಾದ್ದು ಚೌಕಟ್ಟು ಮಾತ್ರ. (ಎಷ್ಟು ಟೇಬಲ್, ಯಾವ ಅಳತೆ ಅಂತ ಮೊದಲೇ ಕೇಳಿ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಎರಡು ಅಂದವರು ಒಂದೇ ಕೊಟ್ಟದ್ದನ್ನು ನಾನು ಕಂಡಿದ್ದೇನೆ.)

ಬಡಿಗೇರರಿಗೆ ಹೀಗೆ ಹೇಳಿ. ಮೂರೂವರೆ ಅಡಿ ಎತ್ತರ, ಎರಡು ಅಡಿ ಅಗಲದ ಮೂರು ಚೌಕಟ್ಟು, ಒಂದಿಂಚಿನ ಹಗುರ ಕಟ್ಟಿಗೆಯಲ್ಲಿ. ಪ್ಲೈವುಡ್ ಬೇಡ, ಭಾರ. ಒಂದೊಂದು ಚೌಕಟ್ಟಿಗೂ ಅಡ್ಡಲಾಗಿ ಮೂರು ದುಂಡನೆ ಕೋಲು. ಚೌಕಟ್ಟುಗಳನ್ನು ಬಿಜಾಗರಿಯಿಂದ ಜೋಡಿಸಬೇಕು, ಮೊದಲ ಜೋಡಿಗೆ ಮುಂದಿನಿಂದ, ಎರಡನೇ ಜೋಡಿಗೆ ಹಿಂದಿನಿಂದ. ಇದನ್ನು ಎರಡು ಸಲ ಹೇಳಿ, ಇಲ್ಲದಿದ್ದರೆ ಎರಡನ್ನೂ ಒಂದೇ ಕಡೆ ಹೊಡೆದುಬಿಡುತ್ತಾರೆ. ಎದುರುಬದುರು ಇದ್ದರೆ ಮಾತ್ರ ಅದು ಬೀಸಣಿಗೆಯ ಹಾಗೆ ಚಪ್ಪಟೆಯಾಗಿ ಮಡಚುತ್ತದೆ. ನಿಲ್ಲಿಸಿದಾಗ ಅಂಕುಡೊಂಕಾಗಿ ನಿಲ್ಲುತ್ತದೆ, ಹಾಗಾಗಿ ಬೇಗ ಬೀಳುವುದಿಲ್ಲ. ಟೇಬಲ್ ಅಂಚಿಗೆ ಎರಡು ಸಿ ಕ್ಲ್ಯಾಂಪ್ (ತಿರುಪು ತಿರುಗಿಸಿ ಬಿಗಿಯುವ ಕಬ್ಬಿಣದ ಹಿಡಿಕೆ) ಬಿಗಿದರೆ ಕೆಲಸ ಮುಗಿಯಿತು. ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ.

ಎಲ್ಲರೂ ತಂತಿ ಜಾಳಿಗೆ ತಗೋ ಅನ್ನುತ್ತಾರೆ. ಬಳೆ, ಕಿವಿಯೋಲೆ ಮಾರುವವರಿಗೆ ಅದು ಸರಿ. ಕಸೂತಿಗೆ ಬೇಡವೇ ಬೇಡ. ತಂತಿಯ ಒಂದು ಚೂಪು ತುದಿ ಸಾಕು, ವಾರಗಟ್ಟಲೆ ಎಳೆ ಎಣಿಸಿ ಹಾಕಿದ ಗೋಪುರದ ಚಿತ್ತಾರದ ದಾರ ಕಿತ್ತು ಬರುತ್ತದೆ. ಕೋಲಿನ ಮೇಲೆ ದುಪಟ್ಟಾ ಮಡಚಿ ಇಳಿಬಿಟ್ಟರೆ ಪಿನ್ನೂ ಬೇಡ, ಕ್ಲಿಪ್ಪೂ ಬೇಡ.

ಇನ್ನೊಂದು ಮಾತು, ಇದು ನಿಮ್ಮ ಮಾಲಿಗೇ ಸಂಬಂಧಿಸಿದ್ದು. ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆಗೆ ಗಂಟು ಹಾಕುವುದಿಲ್ಲ, ಎರಡೂ ಬದಿ ಒಂದೇ ಥರ ಕಾಣುತ್ತವೆ. ಮಷಿನ್ ಕಸೂತಿಗೂ ನಿಮ್ಮದಕ್ಕೂ ಇರುವ ವ್ಯತ್ಯಾಸ ಗಿರಾಕಿಗೆ ಗೊತ್ತಾಗುವುದು ಹಿಂದುಗಡೆ ನೋಡಿದಾಗ. ಆದರೆ ನಾವು ಅದನ್ನು ಗೋಡೆಗೆ ಒತ್ತಿ ಪಿನ್ ಹೊಡೆದು, ಆ ಹಿಂದುಗಡೆಯನ್ನೇ ಮುಚ್ಚಿಡುತ್ತೇವಲ್ವಾ? ಒಂದೆರಡು ಬಟ್ಟೆಯನ್ನು ಕೈಗೆ ಸಿಗುವ ಎತ್ತರದಲ್ಲಿ ಸಡಿಲ ಬಿಡಿ, ಒಂದು ಮೂಲೆ ತಿರುವಿ ಇಡಿ. ನೀವು ಬಾಯಿ ಬಿಡುವ ಮೊದಲೇ ಅವರು ಕೇಳುತ್ತಾರೆ, ಇದೇನು, ಎರಡೂ ಕಡೆ ಒಂದೇ ಇದೆ ಅಂತ. ನೇಗಿ ಹೊಲಿಗೆ ಹಾಕಿದ್ದನ್ನು ಮಾತ್ರ ಮುಂದಿನ ಬದಿಯೇ ಕಾಣುವ ಹಾಗೆ ಇಡಿ, ಅದರ ಹಿಂಬದಿ ಬೇರೆ.

ಟೇಬಲ್ ಮೇಲೆ ಮೆಟ್ಟಿಲು ಬೇಕು. ಅದಕ್ಕೆ ದುಡ್ಡು ಹಾಕಬೇಡಿ. ಧಾರವಾಡದಲ್ಲಿದ್ದೀರಿ, ಆಪೂಸ್ ಮಾವಿನಹಣ್ಣಿನ ಕಟ್ಟಿಗೆ ಪೆಟ್ಟಿಗೆ ಸಿಕ್ಕರೆ ಮೂರು ಎತ್ತಿಡಿ. ಮೊಳೆ ಬಡಿದು, ಮರಳು ಕಾಗದದಿಂದ ಉಜ್ಜಿ. ಹೋಗುವಾಗ ಅದರಲ್ಲೇ ಮಾಲು ತುಂಬಿ, ಅಲ್ಲಿ ಬೋರಲು ಹಾಕಿ ಬಟ್ಟೆ ಹೊದಿಸಿದರೆ ಅದೇ ಮೆಟ್ಟಿಲು. ಹೊತ್ತೊಯ್ದ ಪೆಟ್ಟಿಗೆಗಳು ಖಾಲಿಯಾಗಿ ಟೇಬಲ್ ಕೆಳಗೆ ಬಿದ್ದಿದ್ದರೆ ಏನು ಉಪಯೋಗ?

ಹೊದಿಸುವ ಬಟ್ಟೆ ಒಂದೇ ಬಣ್ಣದ್ದಿರಲಿ. ಕಸೂತಿ ಕೆಳಗೆ ಹೂವಿನ ಬೆಡ್‌ಶೀಟ್ ಹಾಸಿದರೆ ಎರಡೂ ಹಾಳು. ನಿಮ್ಮ ಬಟ್ಟೆಗಳು ಕಪ್ಪು, ಕಡುಗೆಂಪು ಇದ್ದರೆ ಬಿಳಿಚು ಖಾದಿ ಸಾಕು. ಆರಡಿ ಉದ್ದ, ಎರಡೂವರೆ ಅಡಿ ಅಗಲದ ಟೇಬಲ್‌ಗೆ ಹನ್ನೊಂದು ಅಡಿ ಉದ್ದ, ಐದಡಿ ಅಗಲದ ಬಟ್ಟೆ ಬೇಕು. ಆಗ ಮುಂದೆ ಮತ್ತು ಎರಡೂ ಪಕ್ಕ ನೆಲದವರೆಗೆ ಇಳಿಯುತ್ತದೆ, ಕೆಳಗೆ ನಿಮ್ಮ ಚೀಲ, ಬುತ್ತಿ, ಚಪ್ಪಲಿ ಎಲ್ಲ ಅಡಗುತ್ತವೆ.

ಇನ್ನು ಗಾಳಿ. ಇದನ್ನು ಯಾರೂ ಹೇಳುವುದಿಲ್ಲ, ಬಿದ್ದ ಮೇಲೇ ಗೊತ್ತಾಗುತ್ತದೆ. ಗದಗದ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆ ಕಡೆ ಬಯಲಿನಲ್ಲಿ ನಡೆದ ಒಂದು ಮೇಳದಲ್ಲಿ ಮಧ್ಯಾಹ್ನ ನಾಲ್ಕರ ಹೊತ್ತಿಗೆ ನನ್ನ ಹಳೇ ಪ್ಲೈವುಡ್ ಹಲಗೆ ಹಾಯಿಯ ಹಾಗೆ ಗಾಳಿ ಹಿಡಿದು, ಪಕ್ಕದ ಬಾದಾಮಿ ಹಾಲಿನವರ ಮೇಲೆ ಬಿತ್ತು. ಹಾಲಿನ ದುಡ್ಡು ಕೊಟ್ಟೆ, ಮೂರು ಪರ್ಸಿಗೆ ಕಲೆ ಆಯಿತು. ಕೋಲಿನ ಚೌಕಟ್ಟಿನ ನಡುವೆ ಗಾಳಿ ಹಾದು ಹೋಗುತ್ತದೆ, ಅದೇ ಅದರ ದೊಡ್ಡ ಗುಣ. ಆದರೂ ಐದು ಲೀಟರಿನ ಖಾಲಿ ಕ್ಯಾನ್ ಎರಡು ಒಯ್ಯಿರಿ. ಅಲ್ಲೇ ನೀರು ತುಂಬಿಸಿ, ಟೇಬಲ್ ಕೆಳಗಿಟ್ಟು, ಚೌಕಟ್ಟಿನ ಮೇಲ್ತುದಿಯಿಂದ ಹಿಂದುಗಡೆ ಹಗ್ಗ ಇಳಿಸಿ ಬಿಗಿಯಾಗಿ ಕಟ್ಟಿ. ಒಂದು ಲೀಟರ್ ಅಂದರೆ ಒಂದು ಕೆಜಿ. ಹೋಗುವಾಗ ಭಾರ ಇಲ್ಲ, ಬರುವಾಗ ಚೆಲ್ಲಿ ಬಂದರಾಯಿತು.

ಸ್ವಂತ ಟೆಂಟ್ ಕೊಳ್ಳುವ ಆಸೆ ಈಗಲೇ ಬೇಡ. ಹತ್ತಡಿ ಹತ್ತಡಿಯ ಮಡಚುವ ಟೆಂಟ್ ಮಡಚಿದ ಮೇಲೂ ಐದಡಿ ಇರುತ್ತದೆ. ನಮ್ಮ ರಿಕ್ಷಾ ಲೆಕ್ಕಕ್ಕೆ ಬರುವುದಿಲ್ಲ. ಮೇಲಾಗಿ ಅದರ ಒಂದೊಂದು ಕಾಲಿಗೂ ಹದಿನೈದು ಇಪ್ಪತ್ತು ಕೆಜಿ ಕಟ್ಟಬೇಕು. ಪೆಂಡಾಲ್ ಇರುವ ಮೇಳಗಳನ್ನೇ ಮೊದಲು ಹಿಡಿಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಅಡ್ಡ ಮಳೆ ಯಾವಾಗ ಬರುತ್ತದೋ ಹೇಳಲಾಗದು, ಒಂದು ತೆಳು ತಾಡಪತ್ರಿ ಚೀಲದಲ್ಲಿರಲಿ. ನವಲಗುಂದ, ರೋಣದ ಕಡೆಯ ಎರೆ ನೆಲದಲ್ಲಿ ಮಳೆ ಬಿದ್ದರೆ ಟೇಬಲ್ ಕಾಲು ಹೂತು ವಾಲುತ್ತದೆ. ನಾಲ್ಕು ಹಲಗೆ ತುಂಡು ಜೊತೆಗಿರಲಿ.

ದೀಪ ಸ್ವಲ್ಪ ಹಳದಿ ಛಾಯೆಯದ್ದು ತಗೊಳ್ಳಿ, ನೀಲಿ ಬಿಳುಪಿನ ಬಲ್ಬ್‌ನಲ್ಲಿ ಕೆಂಪು ದಾರ ಸತ್ತಂತೆ ಕಾಣುತ್ತದೆ. ಬೆಲೆ ಚೀಟಿ ಎಲ್ಲದಕ್ಕೂ ದಾರದಲ್ಲಿ ಕಟ್ಟಿ. ಬೆಲೆ ಕೇಳಲು ಸಂಕೋಚಪಟ್ಟು ಮುಂದೆ ಹೋಗುವ ಮಂದಿ ಜಾಸ್ತಿ. ಕ್ಯೂಆರ್ ಕೋಡ್ ಎರಡು ಇಡಿ.

ಎಲ್ಲ ಸಿದ್ಧವಾದ ಮೇಲೆ ಮಾಳಿಗೆಗೆ ಹೋಗಿ ಒಬ್ಬರೇ ಕಟ್ಟಿ ನೋಡಿ, ಗಡಿಯಾರ ಇಟ್ಟುಕೊಂಡು. ನನಗೆ ಮೊದಲ ಸಲ ಒಂದು ತಾಸಿನ ಮೇಲೆ ಹಿಡಿಯಿತು. ಮೂರನೇ ಸಲಕ್ಕೆ ಮೂವತ್ತೈದು ನಿಮಿಷ. ಹತ್ತು ಹೆಜ್ಜೆ ಹಿಂದೆ ನಿಂತು ಫೋಟೋ ತೆಗೆದು, ಅದನ್ನು ಫೋನಿನಲ್ಲೇ ಇಟ್ಟುಕೊಳ್ಳಿ. ಮೇಳದ ಗಡಿಬಿಡಿಯಲ್ಲಿ ಯಾವುದು ಎಲ್ಲಿತ್ತು ಅಂತ ನೆನಪಾಗುವುದಿಲ್ಲ. ರಿಕ್ಷಾದಲ್ಲಿ ತುಂಬುವಾಗ ಹೊದಿಸುವ ಬಟ್ಟೆ, ಕ್ಲ್ಯಾಂಪ್, ಸುತಳಿ, ಕತ್ತರಿ ಇರುವ ಚೀಲವನ್ನು ಎಲ್ಲಕ್ಕಿಂತ ಕೊನೆಗೆ ಇಡಿ. ಇಳಿದ ತಕ್ಷಣ ಕೈಗೆ ಬೇಕಾಗುವುದು ಅದೇ.