ಫೋನ್ ಕೈತಪ್ಪಿದರೂ ಸರ್ವರ್ ಕೈತಪ್ಪಬಾರದು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಶುರುವಾಯಿತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಸೋಮವಾರ, ಗುರುವಾರ ಅಲ್ಲಿ ಟೆಂಡರ್. ಸಂಜೆ ಹೊತ್ತಿಗೆ ದಲಾಲಿ ಅಂಗಡಿಯಿಂದ ಕರೆ ಬರುತ್ತದೆ: "ಸರ್, ಬಿಲ್ ಆಗವಲ್ದ್ರಿ, ರೈತರು ನಿಂತಾರ." ಗದಗದ ಪ್ರಿಂಟಿಂಗ್ ಪ್ರೆಸ್ಸು, ಧಾರವಾಡದ ಕೋಚಿಂಗ್ ಕ್ಲಾಸು, ಹಾವೇರಿ ಕಡೆಯ ಸೊಸೈಟಿ, ಹೀಗೆ ಹಲವರ ಸಾಫ್ಟ್‌ವೇರ್ ಓಡುವುದು ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಬಾಡಿಗೆ ಸರ್ವರ್ ಮೇಲೆ. ಹುಬ್ಬಳ್ಳಿಯಲ್ಲಿ ಕೂತು ಅವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕರೆ ಬಂದಾಗ ಲ್ಯಾಪ್‌ಟಾಪ್ ಎದುರಿಗೇ ಇರುತ್ತೇನೆ ಅಂತ ಏನಿಲ್ಲ. ಚಿಗರಿ ಬಸ್ಸಿನಲ್ಲಿರಬಹುದು, ಯಾರದೋ ಮದುವೆಯಲ್ಲಿ ಪಂಕ್ತಿಗೆ ಕೂತಿರಬಹುದು. ಫೋನಿನಿಂದಲೇ ಸರ್ವರ್ ಒಳಗೆ ಹೋಗಿ, ನಿಂತ ಸರ್ವಿಸನ್ನು ಮತ್ತೆ ಶುರು ಮಾಡಬೇಕು.

ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗರು, ಹುಡುಗಿಯರು ಕೇಳುವ ಮೊದಲ ಪ್ರಶ್ನೆ ವೈಫೈ ಬಗ್ಗೆ. ಹುಬ್ಬಳ್ಳಿ ಸ್ಟೇಷನ್ನಿನ ರೈಲ್‌ವೈರ್ ವೈಫೈನಿಂದ ಸರ್ವರ್‌ಗೆ ಹೋದರೆ ಯಾರಾದರೂ ನಡುವೆ ಕದ್ದು ಓದುತ್ತಾರಾ? ಕೇಳುವುದು ಸರಿಯೇ. ಆದರೆ ಜಾಸ್ತಿ ಹೆದರಬೇಕಾದದ್ದು ಬೇರೆ ಕಡೆ.

1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಹೊಂಚು ಹಾಕಿ ಪಾಸ್‌ವರ್ಡುಗಳನ್ನು ಕದ್ದರು. ಆ ಕಾಲದಲ್ಲಿ ದೂರದ ಕಂಪ್ಯೂಟರಿನ ಒಳಗೆ ಹೋಗಲು ಎಲ್ಲರೂ ಬಳಸುತ್ತಿದ್ದ ಟೆಲ್ನೆಟ್, ಪಾಸ್‌ವರ್ಡನ್ನು ಇದ್ದದ್ದು ಇದ್ದ ಹಾಗೇ ತಂತಿಯ ಮೇಲೆ ಕಳಿಸುತ್ತಿತ್ತು. ಅಲ್ಲಿಯೇ ಸಂಶೋಧಕರಾಗಿದ್ದ ಟಾಟು ಯುಲೊನೆನ್ ಇದಕ್ಕೆ ಉತ್ತರವಾಗಿ, ಅದೇ ಕೆಲಸವನ್ನು ಗೂಢಲಿಪಿಯಲ್ಲಿ ಮಾಡುವ ಎಸ್‌ಎಸ್‌ಎಚ್ ಬರೆದರು. 1999ರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಂಡದವರು ಓಪನ್‌ಎಸ್‌ಎಸ್‌ಎಚ್ ತಂದರು. ಇವತ್ತು ನಾವು ಬಳಸುವ ಹೆಚ್ಚಿನ ಲಿನಕ್ಸ್ ಸರ್ವರುಗಳಲ್ಲಿ ಇರುವುದು ಅದೇ. ನಡುವೆ ಕೂತವನು ಓದದಂತೆ ತಡೆಯುವುದು ಎಸ್‌ಎಸ್‌ಎಚ್ ಹುಟ್ಟಿದ್ದರ ಕಾರಣವೇ ಆಗಿದೆ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಸ್ಟೇಷನ್ ವೈಫೈ ಆದರೂ ಅಷ್ಟೇ, ಹೋಟೆಲ್ ವೈಫೈ ಆದರೂ ಅಷ್ಟೇ.

ಒಂದು ಷರತ್ತು ಮಾತ್ರ ಇದೆ. ಹೊಸ ಸರ್ವರ್‌ಗೆ ಮೊದಲ ಸಲ ಹೋದಾಗ ಎಸ್‌ಎಸ್‌ಎಚ್ ಆ್ಯಪ್ ಒಂದು ಉದ್ದನೆಯ ಫಿಂಗರ್‌ಪ್ರಿಂಟ್ (ಆ ಸರ್ವರಿನ ಗುರುತಿನ ಅಕ್ಷರ ಸಾಲು) ತೋರಿಸಿ "ನಂಬಲಾ?" ಎಂದು ಕೇಳುತ್ತದೆ. ಓದದೆ "ಯೆಸ್" ಒತ್ತುವವರೇ ಜಾಸ್ತಿ. ನೀವು ಮಾತಾಡುತ್ತಿರುವುದು ನಿಮ್ಮ ಸರ್ವರ್ ಜೊತೆಗೋ, ನಡುವೆ ನಿಂತ ಬೇರೆ ಯಾವುದೋ ಯಂತ್ರದ ಜೊತೆಗೋ ಎಂದು ಗೊತ್ತಾಗುವುದು ಆ ಒಂದೇ ಸಾಲಿನಿಂದ. ಮನೆಯಲ್ಲಿ ಲ್ಯಾಪ್‌ಟಾಪ್ ಎದುರು ಕೂತಾಗ, ಪ್ರೊವೈಡರ್ ಕನ್ಸೋಲಿನಿಂದ (ಸರ್ವರ್ ಬಾಡಿಗೆ ಕೊಟ್ಟ ಕಂಪನಿಯ ನಿಯಂತ್ರಣ ಪುಟ) ಆ ಫಿಂಗರ್‌ಪ್ರಿಂಟ್ ನೋಡಿ ಫೋನಿನಲ್ಲಿ ತಾಳೆ ಮಾಡಿಕೊಳ್ಳಿ. ಒಮ್ಮೆ ಮಾಡಿದರೆ ಆ್ಯಪ್ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಯಾವತ್ತಾದರೂ "ಫಿಂಗರ್‌ಪ್ರಿಂಟ್ ಬದಲಾಗಿದೆ" ಎಂದು ಅದು ಹೇಳಿದರೆ, ನೀವೇ ಸರ್ವರ್ ಹೊಸದಾಗಿ ಹಾಕಿರದಿದ್ದರೆ, ಅಲ್ಲೇ ನಿಲ್ಲಿಸಿ.

ಇಷ್ಟಾದ ಮೇಲೆ ಉಳಿಯುವ ದೊಡ್ಡ ಅಪಾಯ ಫೋನೇ. ಬಸ್ಸಿನ ಸೀಟಿನಲ್ಲಿ ಬಿಟ್ಟು ಇಳಿಯುತ್ತೇವೆ. ದುರ್ಗದ ಬೈಲಿನ ಸಂಜೆ ಗದ್ದಲದಲ್ಲಿ ಜೇಬಿನಿಂದ ಹೋಗುತ್ತದೆ. ರಿಪೇರಿಗೆ ಕೊಡುವಾಗ ಅಂಗಡಿಯವರು ಕೇಳಿದರು ಅಂತ ಸ್ಕ್ರೀನ್ ಲಾಕ್ ತೆಗೆದು ಕೊಡುತ್ತೇವೆ. ಮಕ್ಕಳ ಕೈಗೆ ಆಟಕ್ಕೆ ಹೋಗುತ್ತದೆ. ಲ್ಯಾಪ್‌ಟಾಪಿಗೆ ಹೀಗೆಲ್ಲ ಆಗುವುದು ಕಡಿಮೆ. ಹಾಗಾಗಿ ನಾನು ಕೆಲಸ ಕಲಿಸುವಾಗ ಮೊದಲು ಹೇಳುವುದು ಇದು: ಈ ಫೋನ್ ಒಂದು ದಿನ ಕಳೆದೇ ಹೋಗುತ್ತದೆ ಎಂದುಕೊಂಡು ಎಲ್ಲವನ್ನೂ ಜೋಡಿಸಿ.

ಮೊದಲು ಕೀಲಿಯ ವಿಷಯ. ಪಾಸ್‌ವರ್ಡ್ ಬದಲು ಕೀಲಿ ಜೋಡಿ ಬಳಸಬೇಕು ಎಂಬುದು ಈಗ ಬಹಳ ಜನರಿಗೆ ಗೊತ್ತು. ಪಬ್ಲಿಕ್ ಕೀ ಅಂದರೆ ಸರ್ವರ್ ಬಾಗಿಲಿಗೆ ಹಾಕುವ ಬೀಗ, ಅದನ್ನು ಯಾರು ನೋಡಿದರೂ ನಡೆಯುತ್ತದೆ. ಪ್ರೈವೇಟ್ ಕೀ ಅಂದರೆ ಅದನ್ನು ತೆಗೆಯುವ ಕೀಲಿಕೈ, ಅದು ನಿಮ್ಮ ಹತ್ತಿರ ಮಾತ್ರ ಇರಬೇಕು. ನಾನು ಮತ್ತೆ ಮತ್ತೆ ನೋಡುವ ಅನಾಹುತ ಇಲ್ಲಿದೆ. ಕ್ಲೌಡ್ ಕಂಪನಿ ಕೊಟ್ಟ ಪೆಮ್ ಫೈಲನ್ನು, ಅಂದರೆ ಪ್ರೈವೇಟ್ ಕೀ ಇರುವ ಫೈಲನ್ನು, ಲ್ಯಾಪ್‌ಟಾಪಿನಿಂದ ಫೋನಿಗೆ ತರಲು ವಾಟ್ಸ್‌ಆ್ಯಪಿನಲ್ಲಿ ತಮಗೆ ತಾವೇ ಕಳಿಸಿಕೊಳ್ಳುತ್ತಾರೆ. ಆ ಫೈಲ್ ಈಗ ಎಲ್ಲೆಲ್ಲಿದೆ ನೋಡಿ. ಚಾಟಿನಲ್ಲಿದೆ. ಫೋನಿನ ಫೋಲ್ಡರಿನಲ್ಲಿದೆ. ಬ್ಯಾಕಪ್ ಆನ್ ಇದ್ದರೆ ಗೂಗಲ್ ಖಾತೆಗೂ ಹೋಗಿದೆ. ಆಫೀಸಿನ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿಟ್ಟಿದ್ದರೆ ಅಲ್ಲಿ ಕೂತವರಿಗೂ ಸಿಗುತ್ತದೆ. ಆಮೇಲೆ ಎಲ್ಲಿಂದ ಸೋರಿತು ಎಂದು ಹುಡುಕಿದರೆ ಪತ್ತೆಯೇ ಆಗುವುದಿಲ್ಲ.

ಫೋನಿನ ಕೀಲಿ ಫೋನಿನಲ್ಲೇ ಹುಟ್ಟಬೇಕು, ಅಲ್ಲೇ ಇರಬೇಕು, ಫೋನಿನ ಜೊತೆಗೇ ಸಾಯಬೇಕು. ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಅಥವಾ ಕನೆಕ್ಟ್‌ಬಾಟ್, ಐಫೋನಿನಲ್ಲಿ ಬ್ಲಿಂಕ್, ಇಂಥ ಎಲ್ಲ ಆ್ಯಪುಗಳಲ್ಲೂ ಕೀಲಿ ಜೋಡಿ ಮಾಡುವ ಸೌಲಭ್ಯ ಇದೆ. ಇಡಿ25519 ಎಂಬ ಬಗೆಯನ್ನು ಆರಿಸಿ. ಇದು ಓಪನ್‌ಎಸ್‌ಎಸ್‌ಎಚ್‌ಗೆ 2014ರಲ್ಲೇ ಬಂತು, ಈಗ ಹೆಚ್ಚುಕಡಿಮೆ ಎಲ್ಲ ಸರ್ವರಿನಲ್ಲೂ ನಡೆಯುತ್ತದೆ. ಇದರ ಪಬ್ಲಿಕ್ ಕೀ ಒಂದು ಚಿಕ್ಕ ಸಾಲು, ಫೋನಿನಿಂದ ಕಳಿಸಲು ಸುಲಭ. ಕೀಲಿಗೆ ಪಾಸ್‌ಫ್ರೇಸ್, ಅಂದರೆ ಅದನ್ನು ಬಳಸಲು ಬೇಕಾದ ಗುಟ್ಟಿನ ಮಾತು, ಹಾಕಲೇಬೇಕು. ಕಳ್ಳನ ಕೈಗೆ ತೆರೆದ ಫೋನ್ ಸಿಕ್ಕರೂ ನಿಮಗೆ ಒಂದಷ್ಟು ಹೊತ್ತು ಸಿಗುವುದು ಅದರಿಂದ. ಕೀಲಿಗಳನ್ನು ತನ್ನ ಕ್ಲೌಡಿಗೆ ಸಿಂಕ್ ಮಾಡುತ್ತೇನೆ ಎನ್ನುವ ಆ್ಯಪ್ ಇದ್ದರೆ ನಾನು ಆ ಸಿಂಕ್ ಆಫ್ ಮಾಡಿಯೇ ಬಳಸುತ್ತೇನೆ.

ಇನ್ನೊಂದು ಸಣ್ಣ ಕೆಲಸ. ಪಬ್ಲಿಕ್ ಕೀ ಸಾಲಿನ ಕೊನೆಯಲ್ಲಿ ನಿಮಗೆ ಬೇಕಾದ ಹೆಸರು ಬರೆಯಬಹುದು. ಅಲ್ಲಿ ಸುಮ್ನೆ ಏನೋ ಬಿಡಬೇಡಿ. ಯಾರ ಫೋನ್, ಯಾವ ವರ್ಷ ಎಂದು ಬರೆಯಿರಿ. ಒಂದು ಸೊಸೈಟಿಯ ಸರ್ವರ್ ನನ್ನ ಕೈಗೆ ಬಂದಾಗ ಅನುಮತಿ ಪಟ್ಟಿಯಲ್ಲಿ (ಒಳಗೆ ಬರಬಹುದಾದವರ ಪಬ್ಲಿಕ್ ಕೀ ಇರುವ ಫೈಲ್) ಸಾಲು ಸಾಲು ಕೀಲಿಗಳಿದ್ದವು. ಯಾವುದು ಯಾರದು ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಅಳಿಸಿದರೆ ಯಾವ ಕೆಲಸ ನಿಲ್ಲುತ್ತದೋ ಎಂಬ ಹೆದರಿಕೆಗೆ, ಕೆಲಸ ಬಿಟ್ಟು ಹೋದವರ ಕೀಲಿಗಳೂ ಅಲ್ಲೇ ಉಳಿದಿದ್ದವು.

ಕೀಲಿ ಹಾಕಿದ ಮೇಲೆ ಪಾಸ್‌ವರ್ಡ್ ಬಾಗಿಲು ಮುಚ್ಚಬೇಕು. ಮುಚ್ಚಿದ್ದೇವೆ ಎಂದು ತಿಳಿದುಕೊಂಡು ಮುಚ್ಚದೇ ಇರುವವರು ಬಹಳ ಜನ. ಉಬುಂಟು ಎಂಬ ಲಿನಕ್ಸ್ ಇರುವ ಕ್ಲೌಡ್ ಸರ್ವರಿನಲ್ಲಿ ಮುಖ್ಯ ಎಸ್‌ಎಸ್‌ಎಚ್ ಸೆಟ್ಟಿಂಗ್ ಫೈಲಿನ ಆರಂಭದಲ್ಲೇ, ಪಕ್ಕದ ಫೋಲ್ಡರಿನ ಫೈಲುಗಳನ್ನೂ ಓದು ಎಂಬ ಸಾಲು ಇರುತ್ತದೆ. ಕೆಲವು ಪ್ರೊವೈಡರುಗಳಲ್ಲಿ ಆ ಫೋಲ್ಡರಿನಲ್ಲಿ 50 ಎಂದು ಶುರುವಾಗುವ ಕ್ಲೌಡ್-ಇನಿಟ್ (ಸರ್ವರ್ ಮೊದಲ ಸಲ ಶುರುವಾದಾಗ ಸೆಟ್ಟಿಂಗ್ ಹಾಕುವ ಪ್ರೋಗ್ರಾಂ) ಫೈಲ್ ಇದ್ದು, ಪಾಸ್‌ವರ್ಡ್ ಲಾಗಿನ್ "ಯೆಸ್" ಎಂದು ಬರೆದಿರುತ್ತದೆ. ಎಸ್‌ಎಸ್‌ಎಚ್ ಮೊದಲು ಸಿಕ್ಕ ಮಾತನ್ನೇ ಹಿಡಿಯುತ್ತದೆ. ಕೆಳಗೆ ನೀವು ಮುಖ್ಯ ಫೈಲಿನಲ್ಲಿ "ನೋ" ಎಂದು ಬರೆದದ್ದಕ್ಕೆ ಬೆಲೆಯೇ ಇಲ್ಲ! ಆದ್ದರಿಂದ ಫೈಲ್ ನೋಡಿ ನಂಬಬೇಡಿ. ಎಸ್‌ಎಸ್‌ಎಚ್‌ಡಿ (ಸರ್ವರ್ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಂ) ಆಜ್ಞೆಗೆ ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟರೆ, ನಿಜವಾಗಿ ಜಾರಿಯಲ್ಲಿರುವ ಸೆಟ್ಟಿಂಗುಗಳ ಪಟ್ಟಿ ಬರುತ್ತದೆ. ಜೊತೆಗೆ ಕೀಲಿ ಇಲ್ಲದ ಬೇರೊಂದು ಫೋನಿನಿಂದ ಹೋಗಿ ನೋಡಿ. ಅದು ಪಾಸ್‌ವರ್ಡ್ ಕೇಳಲೇಬಾರದು. ಈ ಬದಲಾವಣೆ ಮಾಡುವಾಗ ತೆರೆದಿರುವ ಸೆಷನ್ ಮುಚ್ಚಬೇಡಿ. ಎರಡನೇ ಸೆಷನ್ ಕೀಲಿಯಿಂದ ಒಳಗೆ ಬಂತು ಎಂದು ಖಾತ್ರಿ ಆದ ಮೇಲೆಯೇ ಮೊದಲನೆಯದನ್ನು ಬಿಡಿ.

ಇನ್ನು ಫೈರ್‌ವಾಲ್, ಅಂದರೆ ಸರ್ವರಿನ ಯಾವ ಬಾಗಿಲು (ಪೋರ್ಟ್) ಯಾರಿಗೆ ತೆರೆದಿರಬೇಕು ಎಂದು ನೋಡುವ ಕಾವಲು. ಎಸ್‌ಎಸ್‌ಎಚ್ ಬಾಗಿಲಿನ ಸಂಖ್ಯೆ ಸಾಮಾನ್ಯವಾಗಿ 22. "ನಮ್ಮ ಐಪಿ ವಿಳಾಸಕ್ಕೆ ಮಾತ್ರ 22ನೇ ಪೋರ್ಟ್ ತೆರೆಯಿರಿ" ಎಂಬ ಸಲಹೆ ಆಫೀಸಿನ ಸ್ಥಿರ ವಿಳಾಸಕ್ಕೆ ಸರಿ. ಮೊಬೈಲ್ ಡೇಟಾಗೆ ಇದು ಹೊಂದುವುದಿಲ್ಲ. ನಮ್ಮ ಮೊಬೈಲ್ ಕಂಪನಿಗಳು ಒಂದೇ ಐಪಿವಿ4 ವಿಳಾಸವನ್ನು ಬಹಳ ಗ್ರಾಹಕರಿಗೆ ಹಂಚುತ್ತವೆ. ಅದು ಬದಲಾಗುತ್ತಲೂ ಇರುತ್ತದೆ. ಬೆಳಿಗ್ಗೆ ವಿದ್ಯಾನಗರದಲ್ಲಿ ಸೇರಿಸಿದ ವಿಳಾಸ ಮಧ್ಯಾಹ್ನ ಧಾರವಾಡದಲ್ಲಿ ನಿಮ್ಮದಾಗಿರುವುದಿಲ್ಲ. ಆಗ ಆಗುವುದೇನು? ಬೇಸತ್ತು ಇಡೀ ಲೋಕಕ್ಕೆ ಪೋರ್ಟ್ ತೆರೆದಿಡುತ್ತಾರೆ. ಪೋರ್ಟ್ ಸಂಖ್ಯೆ ಬದಲಿಸಿದರೆ ಸರ್ವರಿನ ದಾಖಲೆಯಲ್ಲಿ (ಲಾಗ್) ಸುಳ್ಳು ಲಾಗಿನ್ ಯತ್ನಗಳ ಗಲಾಟೆ ಕಡಿಮೆಯಾಗುತ್ತದೆ, ಅಷ್ಟೇ.

ನನ್ನ ಉತ್ತರ ವೈರ್‌ಗಾರ್ಡ್ ಎಂಬ ವಿಪಿಎನ್, ಅಂದರೆ ಫೋನಿಗೂ ಸರ್ವರಿಗೂ ನಡುವೆ ಗೂಢಲಿಪಿಯ ಒಂದು ಸುರಂಗ. ಇದು 2020ರ ಮಾರ್ಚಿನಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ 5.6ರ ಒಳಗೇ ಸೇರಿತು. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಉಚಿತ ಆ್ಯಪ್ ಇದೆ. ಸಾಮಾನ್ಯವಾಗಿ ಯುಡಿಪಿ (ಡೇಟಾ ಕಳಿಸುವ ಒಂದು ವಿಧಾನ) 51820ನೇ ಪೋರ್ಟಿನಲ್ಲಿ ಕೂರುತ್ತದೆ. ಗುರುತಿಲ್ಲದವರು ಬಂದು ತಟ್ಟಿದರೆ ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಹೊರಗಿನಿಂದ ಸ್ಕ್ಯಾನ್ ಮಾಡುವವರಿಗೆ ಅಲ್ಲಿ ಏನೋ ಇದೆ ಎಂಬುದೇ ತಿಳಿಯುವುದಿಲ್ಲ. ಎಸ್‌ಎಸ್‌ಎಚ್ ಈ ಸುರಂಗದ ಒಳಗಿನಿಂದ ಮಾತ್ರ ಸಿಗುವಂತೆ ಮಾಡಿ, 22ನೇ ಪೋರ್ಟನ್ನು ಹೊರಗಿನವರಿಗೆ ಮುಚ್ಚಿಬಿಡುತ್ತೇನೆ. 2024ರ ಜುಲೈನಲ್ಲಿ ಓಪನ್‌ಎಸ್‌ಎಸ್‌ಎಚ್‌ನಲ್ಲೇ "ರೆಗ್ರೆಶನ್" ಎಂದು ಹೆಸರಾದ ದೋಷ ಬಯಲಾಯಿತು. ಲಾಗಿನ್ ಆಗದೆಯೇ ಸರ್ವರ್ ಹಿಡಿಯಲು ದಾರಿ ಕೊಡಬಹುದಾದ ದೋಷ ಅದು. ಅಪ್‌ಡೇಟ್ ಹಾಕುವುದು ಎಲ್ಲರಿಗೂ ಅಗತ್ಯವೇ ಇತ್ತು. ಆದರೆ ಪೋರ್ಟ್ ಮುಚ್ಚಿದ್ದವರು ಗಾಬರಿಯಿಲ್ಲದೆ ಹಾಕಿದರು.

ವೈರ್‌ಗಾರ್ಡ್‌ನಿಂದ ಇನ್ನೊಂದು ಲಾಭ ಇದೆ. ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹೋದರೂ ಸುರಂಗದ ಒಳಗಿನ ವಿಳಾಸ ಅದೇ ಇರುತ್ತದೆ, ಸೆಷನ್ ಕಡಿಯುವುದಿಲ್ಲ. ಇದೇ ತೊಂದರೆಗೆ 2012ರಲ್ಲಿ ಎಂಐಟಿಯವರು ಮೋಶ್ ಎಂಬ ಸಲಕರಣೆ ತಂದರು. ಲಾಗಿನ್ ಅನ್ನು ಎಸ್‌ಎಸ್‌ಎಚ್‌ಗೇ ಬಿಟ್ಟು, ಆಮೇಲೆ ಯುಡಿಪಿ ಮೇಲೆ ಓಡುತ್ತದೆ. ಸಿಗ್ನಲ್ ಬಂದು ಹೋಗುವ ಕಡೆ ಒಳ್ಳೆಯದು. ಯಾವುದನ್ನು ಬಳಸಿದರೂ ಸರ್ವರಿನಲ್ಲಿ ಟೀಮಕ್ಸ್ (ಸೆಷನ್ನನ್ನು ಸರ್ವರಿನಲ್ಲೇ ಜೀವಂತ ಇಡುವ ಪ್ರೋಗ್ರಾಂ) ಒಳಗೇ ಕೆಲಸ ಮಾಡಿ. ರೈಲಿನಲ್ಲಿ ಗೋವಾ ಕಡೆ ಹೊರಟು ಕ್ಯಾಸಲ್ ರಾಕ್ ದಾಟಿದರೆ ಬೆಟ್ಟದ ಸುರಂಗದ ಮೇಲೆ ಸುರಂಗ, ಸಿಗ್ನಲ್ ಹೋಗುತ್ತದೆ. ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಕೂಡ ಹಿಂದೆ ಸರಿದ ಆ್ಯಪನ್ನು ಕೊಂದುಬಿಡುತ್ತದೆ. ಪ್ಯಾಕೇಜ್ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಸರ್ವರ್ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬ ಸ್ಥಿತಿಗೆ ಬರುತ್ತದೆ. ಟೀಮಕ್ಸ್ ಇದ್ದರೆ ನೀವು ಕಡಿದು ಹೋದರೂ ಕೆಲಸ ಅಲ್ಲಿ ನಡೆಯುತ್ತಲೇ ಇರುತ್ತದೆ.

ಕೀಬೋರ್ಡ್ ಬಗ್ಗೆ ಎರಡು ಮಾತು. ಫೋನಿನ ಜೊತೆ ಬಂದ ಕೀಬೋರ್ಡ್ ಬಿಟ್ಟು, ಬಣ್ಣ ಬಣ್ಣದ ಥೀಮಿಗಾಗಿ ಹಾಕಿಕೊಂಡ ಕೀಬೋರ್ಡಿನಲ್ಲಿ ಸರ್ವರ್ ಪಾಸ್‌ವರ್ಡ್ ಒತ್ತಬೇಡಿ. ಕೀಬೋರ್ಡಿನ ಕ್ಲಿಪ್‌ಬೋರ್ಡ್ ಹಿಸ್ಟರಿ (ಕಾಪಿ ಮಾಡಿದ್ದನ್ನು ನೆನಪಿಡುವ ಸೌಲಭ್ಯ) ಆಫ್ ಮಾಡಿಡಿ.

ಎಲ್ಲರಿಗೂ ಪೂರ್ತಿ ಬಾಗಿಲು ಬೇಕಾಗಿಯೂ ಇಲ್ಲ. ಗದಗದ ಪ್ರೆಸ್ಸಿನ ಮಾಲೀಕರು, "ರಾತ್ರಿ ನಿಮ್ಮನ್ನ ಯಾಕ ಎಬ್ಬಸೂದ್ರಿ, ರೀಸ್ಟಾರ್ಟ್ ಮಾಡೂದು ನಮಗ ಹೇಳಿಕೊಡ್ರಲಾ" ಎಂದರು. ನ್ಯಾಯವಾದ ಮಾತು, ಅಲ್ವಾ? ಅನುಮತಿ ಪಟ್ಟಿಯಲ್ಲಿ ಕೀಲಿಯ ಸಾಲಿನ ಮುಂದೆ "ರಿಸ್ಟ್ರಿಕ್ಟ್" ಮತ್ತು "ಕಮಾಂಡ್" ಎಂಬ ಎರಡು ಆಯ್ಕೆ ಬರೆದರೆ, ಆ ಕೀಲಿಯಿಂದ ಅದೊಂದೇ ಆಜ್ಞೆ ಓಡುತ್ತದೆ. ಅವರ ಕೀಲಿಯಿಂದ ಬಿಲ್ಲಿಂಗ್ ಸರ್ವಿಸ್ ರೀಸ್ಟಾರ್ಟ್ ಆಗುತ್ತದೆ, ಬೇರೇನೂ ಆಗುವುದಿಲ್ಲ. ಅವರ ಫೋನ್ ಕಳೆದರೂ ಕಳ್ಳ ಮಾಡಬಹುದಾದದ್ದು ಅಷ್ಟೇ.

ಈಗ ಫೋನ್ ಕಳೆದ ದಿನದ ಮಾತು. ಅವತ್ತು ಬಹಳ ಜನ ಸಿಕ್ಕಿಬೀಳುವುದು ಒಂದೇ ಕಡೆ. ಪ್ರೊವೈಡರ್ ಕನ್ಸೋಲಿಗೆ ಹೋಗಿ ಕೀಲಿ ತೆಗೆಯೋಣ ಎಂದರೆ ಅದು ಒಟಿಪಿ ಕೇಳುತ್ತದೆ. ಒಟಿಪಿ ಬರುವ ಸಿಮ್ ಕಳೆದ ಫೋನಿನಲ್ಲಿದೆ. ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಕೂಡ ಅದರಲ್ಲೇ ಇದೆ. ಕಳ್ಳ ಒಳಗೆ, ಮಾಲೀಕ ಹೊರಗೆ! ಆದ್ದರಿಂದ ಇವತ್ತೇ ಕನ್ಸೋಲಿನ ರಿಕವರಿ ಕೋಡುಗಳನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಮನೆಯ ಕಪಾಟಿನಲ್ಲಿಡಿ. ಲ್ಯಾಪ್‌ಟಾಪಿಗೆ ಬೇರೆಯದೇ ಕೀಲಿ ಇರಲಿ. ನೀವು ನಂಬುವ ಇನ್ನೊಬ್ಬರಿಗೆ ಅವರದೇ ಕೀಲಿಯಿಂದ ಪ್ರವೇಶ ಇರಲಿ.

ಕಳೆದದ್ದು ಗೊತ್ತಾದ ಕೂಡಲೇ ಮೊದಲು ವೈರ್‌ಗಾರ್ಡ್‌ನಲ್ಲಿ ಆ ಫೋನಿನ ನಮೂದು ತೆಗೆಯಿರಿ. ಆಮೇಲೆ ಅನುಮತಿ ಪಟ್ಟಿಯಿಂದ ಅದರ ಕೀಲಿಯ ಸಾಲು ಅಳಿಸಿ. ಸಾಲು ಅಳಿಸಿದರೆ ಹೊಸ ಲಾಗಿನ್ ಮಾತ್ರ ನಿಲ್ಲುತ್ತದೆ, ಆಗಲೇ ತೆರೆದಿರುವ ಸೆಷನ್ ಹಾಗೇ ಇರುತ್ತದೆ. ಅದನ್ನು ಹುಡುಕಿ ಬೇರೆಯಾಗಿ ಕಡಿಯಬೇಕು. ಬಳಿಕ ಲಾಗಿನ್ ದಾಖಲೆ ನೋಡಿ, ಫೋನ್ ಕೈಬಿಟ್ಟ ಹೊತ್ತಿನಿಂದ ಆ ಕೀಲಿಯಿಂದ ಯಾರಾದರೂ ಬಂದಿದ್ದರಾ ಎಂದು. ಇಷ್ಟಾದ ಮೇಲೆ ಸಿಮ್ ಬ್ಲಾಕ್, ಪೊಲೀಸ್ ದೂರು, ಕೇಂದ್ರ ಸರ್ಕಾರದ ಸಂಚಾರ ಸಾಥಿ ಪೋರ್ಟಲಿನಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬ್ಲಾಕ್. ಹೊರಗಿನವರು ಸರ್ವರ್ ಒಳಗೆ ಬಂದದ್ದು ಕಂಡರೆ ಮುಚ್ಚಿಡಬೇಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿಗಳು ವರದಿ ಮಾಡಬೇಕು. ಲಾಗುಗಳನ್ನು 180 ದಿನ ಇಟ್ಟಿರಬೇಕು ಎಂದೂ ಅದರಲ್ಲಿದೆ. ಗಿರಾಕಿಗೆ ನೀವೇ ಮೊದಲು ಫೋನ್ ಮಾಡಿ ಹೇಳಿ.

ಹೊಸ ಫೋನ್ ಬಂದಾಗ ಹಳೆಯ ಬ್ಯಾಕಪ್ಪಿನಿಂದ ಕೀಲಿ ವಾಪಸ್ ತರಬೇಡಿ. ಹಳೆಯ ಫೋನ್ ಎರಡು ದಿನದಲ್ಲಿ ತಿರುಗಿ ಸಿಕ್ಕರೂ ಅದರ ಕೀಲಿಯನ್ನು ಮತ್ತೆ ಪಟ್ಟಿಗೆ ಸೇರಿಸಬೇಡಿ, ನಡುವೆ ಅದು ಯಾರ ಕೈಯಲ್ಲಿತ್ತೋ ಗೊತ್ತಿಲ್ಲ. ಹೊಸ ಜೋಡಿ ಮಾಡಿ, ಹೊಸ ಹೆಸರು ಬರೆದು, ಲ್ಯಾಪ್‌ಟಾಪಿನಿಂದ ಸರ್ವರಿಗೆ ಸೇರಿಸಿ.