ಕಿವಿರಿನ ಕೆಂಪು

ಮೀನು ಕೊಳ್ಳುವಾಗ ಅಮ್ಮ ಮೊದಲು ನೋಡುತ್ತಿದ್ದದ್ದು ಕಿವಿರು. ಕೆನ್ನೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಎತ್ತಿ ಇಣುಕುತ್ತಿದ್ದಳು. ಕೆಂಪಗಿದ್ದರೆ ಚೀಲಕ್ಕೆ, ಕಂದಿದ್ದರೆ ವಾಪಸ್ಸು. ಆ ಕೆಂಪು ರಕ್ತದ್ದೇ ಬಣ್ಣ. ಕಿವಿರಿನ ಮೇಲೆ ಇರುವ ಪೊರೆ ಎಷ್ಟು ತೆಳು ಅಂದರೆ, ಒಳಗೆ ಹರಿಯುವ ರಕ್ತ ಹಾಗೇ ಕಾಣುತ್ತದೆ. ಪೊರೆ ತೆಳುವಾಗಿದ್ದರೆ ತಾನೇ ಆಮ್ಲಜನಕ ಒಳಗೆ ಬರುವುದು, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದು?

ಮುಂದಿನ ಸಲ ಮೀನು ತಂದಾಗ ಕಿವಿರನ್ನು ಬಿಸಾಡುವ ಮುಂಚೆ ಒಂದು ಬಟ್ಟಲು ನೀರಿಗೆ ಹಾಕಿ ನೋಡಿ. ಕೈಯಲ್ಲಿ ಮುದ್ದೆಯಾಗಿದ್ದ ಎಳೆಗಳು ನೀರಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ. ಎತ್ತಿದರೆ ಮತ್ತೆ ಮುದ್ದೆ. ದಡಕ್ಕೆ ಬಿದ್ದ ಮೀನು ಯಾಕೆ ಉಸಿರುಕಟ್ಟಿ ಸಾಯುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಸುತ್ತಲೂ ಬೇಕಾದಷ್ಟು ಆಮ್ಲಜನಕ ಇರುತ್ತದೆ. ಆದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡ ಮೇಲೆ ಅದನ್ನು ಹೀರುವ ಜಾಗವೇ ಉಳಿಯುವುದಿಲ್ಲ.

ನೀರಿನಲ್ಲಿ ಉಸಿರಾಡುವುದು ನಿಜಕ್ಕೂ ಕಷ್ಟದ ಕೆಲಸ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಕೆರೆ ನೀರಿನಲ್ಲಿ ಹೆಚ್ಚೆಂದರೆ 8 ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಅದಕ್ಕೇ ಬೇಸಿಗೆಯಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು. ರಾತ್ರಿಯಿಡೀ ಪಾಚಿ, ಗಿಡಗಳೂ ಅದೇ ಆಮ್ಲಜನಕವನ್ನು ಬಳಸಿಕೊಂಡಿರುತ್ತವೆ.

ಇಷ್ಟು ಕೊರತೆಯಲ್ಲಿ ಮೀನು ಬದುಕುವುದು ಹೇಗೆ? ಹರಿವಿನ ದಿಕ್ಕಿನಿಂದ. ನೀರು ಬಾಯಿಂದ ಒಳಗೆ ಬಂದು ಕಿವಿರಿನಿಂದ ಹೊರಗೆ ಹೋಗುತ್ತದೆ, ಬಂದ ದಾರಿಯಲ್ಲಿ ತಿರುಗುವುದಿಲ್ಲ. ರಕ್ತ ಅದಕ್ಕೆ ಎದುರಾಗಿ ಹರಿಯುತ್ತದೆ. ಎರಡೂ ಒಂದೇ ಕಡೆಗೆ ಹರಿದಿದ್ದರೆ ಅರ್ಧ ದಾರಿಯಲ್ಲೇ ಎರಡರಲ್ಲೂ ಆಮ್ಲಜನಕ ಸರಿಸಮವಾಗಿ ಲೇವಾದೇವಿ ನಿಂತುಬಿಡುತ್ತಿತ್ತು. ಎದುರುಬದುರಾಗಿದ್ದರೆ ಹಾಗಲ್ಲ. ಬಹುಪಾಲು ತುಂಬಿಕೊಂಡ ರಕ್ತಕ್ಕೆ ಕೊನೆಯಲ್ಲಿ ಸಿಗುವುದು ಆಗ ತಾನೇ ಬಂದ ತಾಜಾ ನೀರು. ಅದರಿಂದಲೂ ಇನ್ನಷ್ಟು ಎಳೆದುಕೊಳ್ಳಬಹುದು. ಹೀಗೆ ಕೆಲವು ಮೀನುಗಳು ನೀರಿನಲ್ಲಿರುವ ಆಮ್ಲಜನಕದ ಮುಕ್ಕಾಲು ಭಾಗದಷ್ಟನ್ನು ಹೀರಿಬಿಡುತ್ತವೆ.

ನಾವು? ಒಳಗೆ ಎಳೆದ ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕ, ಹೊರಗೆ ಬಿಟ್ಟಿದ್ದರಲ್ಲಿ ಇನ್ನೂ 16. ಬರೀ ಕಾಲು ಭಾಗ ತೆಗೆದುಕೊಂಡೆವು ಅಷ್ಟೇ. ನಮ್ಮದು ಒಂದೇ ಬಾಗಿಲಿನ ಮನೆ. ಬಂದ ದಾರಿಯಲ್ಲೇ ಗಾಳಿ ವಾಪಸ್ಸು ಹೋಗಬೇಕು. ಎಷ್ಟೇ ಜೋರಾಗಿ ಉಸಿರು ಬಿಟ್ಟರೂ ಒಳಗೆ ಒಂದಷ್ಟು ಹಳೇ ಗಾಳಿ ಉಳಿದೇ ಇರುತ್ತದೆ.

ಹಕ್ಕಿಗಳಿಗೆ ಈ ತೊಂದರೆ ಇಲ್ಲ. ಕೋಳಿ ಸ್ವಚ್ಛ ಮಾಡಿದವರು ಗಮನಿಸಿರಬಹುದು, ಪಕ್ಕೆಲುಬುಗಳ ಸಂದಿನಲ್ಲಿ ಗುಲಾಬಿ ಬಣ್ಣದ ಸ್ಪಂಜಿನಂಥದ್ದು ಕಚ್ಚಿಕೊಂಡಿರುತ್ತದೆ. ಬೆರಳಿನಿಂದ ಕೆರೆದು ತೆಗೆಯಬೇಕು. ಅದೇ ಶ್ವಾಸಕೋಶ. ನಮ್ಮದರ ಹಾಗೆ ಅದು ಉಬ್ಬಿ ಇಳಿಯುವುದಿಲ್ಲ. ಗಾಳಿ ಊದುವ ಕೆಲಸ ಹೊಟ್ಟೆಯಲ್ಲಿ, ಎದೆಯಲ್ಲಿ ಹರಡಿಕೊಂಡಿರುವ ಚೀಲಗಳದ್ದು. ಮೊದಲ ಉಸಿರಿನಲ್ಲಿ ಗಾಳಿಯ ಹೆಚ್ಚಿನ ಪಾಲು ಹಿಂದಿನ ಚೀಲಗಳಿಗೆ ಹೋಗುತ್ತದೆ. ಉಸಿರು ಬಿಟ್ಟಾಗ ಅಲ್ಲಿಂದ ಶ್ವಾಸಕೋಶಕ್ಕೆ. ಮತ್ತೆ ಎಳೆದುಕೊಂಡಾಗ ಮುಂದಿನ ಚೀಲಗಳಿಗೆ. ಮತ್ತೆ ಬಿಟ್ಟಾಗ ಹೊರಗೆ. ಒಂದು ಗುಟುಕು ಗಾಳಿ ಪೂರ್ತಿ ದಾಟಲು ಎರಡು ಉಸಿರು ಬೇಕು. ಆದರೆ ಶ್ವಾಸಕೋಶದೊಳಗೆ ಗಾಳಿ ಹರಿಯುವುದು ಯಾವಾಗಲೂ ಒಂದೇ ಕಡೆಗೆ. ಉಸಿರು ಎಳೆಯುವಾಗಲೂ ಬಿಡುವಾಗಲೂ ಅಲ್ಲಿ ಹೊಸ ಗಾಳಿಯೇ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋದರೆ ಈ ಏರ್ಪಾಡಿನ ಬಲ ಏನು ಅಂತ ಕಣ್ಣಾರೆ ನೋಡಬಹುದು. ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದವು. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. 5,500 ಮೀಟರ್ ಎತ್ತರಕ್ಕೇ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕೆ ಇಳಿಯುತ್ತದೆ. ಈ ಬಾತುಗಳು 7,000 ಮೀಟರಿಗಿಂತ ಮೇಲೆ ಹಾರಿದ್ದು ದಾಖಲಾಗಿದೆ. ಅದೂ ರೆಕ್ಕೆ ಬಡಿಯುತ್ತಾ! ರೆಕ್ಕೆ ಬಡಿತಕ್ಕೆ ಬೇಕಾಗುವ ಆಮ್ಲಜನಕ ಸುಮ್ನೆ ಕೂತಾಗ ಬೇಕಾಗುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಬರೀ ಶ್ವಾಸಕೋಶದಿಂದ ಇದು ಆಗುವುದಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್, ಅಂದರೆ ಹಿಮೋಗ್ಲೋಬಿನ್ ಕೂಡ ಅವುಗಳದ್ದು ಬೇರೆ. ಬಯಲಿನಲ್ಲೇ ಇರುವ ನೆಂಟ ಬಾತುಗಳಿಗೆ ಹೋಲಿಸಿದರೆ ಆ ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲಿ ಕೆಲವೇ ಕೆಲವರ ವ್ಯತ್ಯಾಸ, ಅಷ್ಟೇ. ಅಷ್ಟಕ್ಕೇ ಅದು ಆಮ್ಲಜನಕವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಸುತ್ತಲಿನ ಹೊಲಗಳಲ್ಲಿ ಮೇದು ಮೈತುಂಬಿಕೊಂಡ ಬಾತುಗಳು ಒಂದು ದಿನ ಗುಂಪಾಗಿ ಮೇಲೆದ್ದು ಉತ್ತರಕ್ಕೆ ತಿರುಗುತ್ತವೆ.